ದೀಡ ಟಿಕ್ಕು

ಹೋದ ವಾರ ನಾಲ್ಕು ದಿನ ನನ್ನ ಅಂಗಿಯ ಜೇಬಿನಲ್ಲಿ ಒಂದು ಗುಲಾಬಿ ಹಾಳೆ ಇತ್ತು. ಹುಮನಾಬಾದಿನ ಶಾಲೆಯಿಂದ ಬಸವಕಲ್ಯಾಣದ ಮನೆಗೆ, ಬಸವಕಲ್ಯಾಣದಿಂದ ಹುಮನಾಬಾದಿಗೆ ನನ್ನ ಜೊತೆ ಅದೂ ಬಸ್ಸಿನಲ್ಲಿ ತಿರುಗಿತು. ಬೆವರಿಗೆ ಮೆತ್ತಗಾಗಿ ಮಡಿಕೆಗಳಲ್ಲಿ ಹರಿಯುವುದಕ್ಕೆ ಬಂದಿತ್ತು. ಹಾಳೆಯಲ್ಲಿ ಹೆಚ್ಚೇನೂ ಇರಲಿಲ್ಲ. ನನ್ನ ಹೆಸರು, ವಿಷಯ ಇಂಗ್ಲಿಷ್, ತರಗತಿ ಒಂಬತ್ತು, ಆಮೇಲೆ 'ಬೋಧನಾ ವಿಧಾನ' ಎಂಬ ಚೌಕದಲ್ಲಿ ಇಂಗ್ಲಿಷಿನ ಒಂದೇ ಒಂದು ಶಬ್ದ: ಡೈಡ್ಯಾಕ್ಟಿಕ್. ಅದರ ಕೆಳಗೆ 'ಶಿಕ್ಷಕರ ಅಭಿಪ್ರಾಯ' ಎಂಬ ಖಾಲಿ ಚೌಕ. ಅದನ್ನು ತುಂಬಿ, ಸಹಿ ಹಾಕಿ ಶುಕ್ರವಾರದೊಳಗೆ ಶಾಲೆಯ ಕಚೇರಿಗೆ ಕೊಡಬೇಕಿತ್ತು.

ಒಂದು ಚೌಕ ತುಂಬುವುದಕ್ಕೆ ನಾಲ್ಕು ದಿನವೇ ಎಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಗಂಟಲು ಹರಿದುಕೊಂಡವನಿಗೆ ಕೊನೆಗೆ ಒಂದು ಶಬ್ದ ಸಿಕ್ಕಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಬೇಕು ಅನ್ನಿಸುತ್ತದೆ.

ಬರೆದವರು ಪಾಠ ನೋಡಲು ಬಂದಿದ್ದ ಒಬ್ಬ ಮೇಡಂ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಹಿಂದಿನ ಬೆಂಚಿನಲ್ಲಿ ಹುಡುಗಿಯರ ನಡುವೆ ಕೂತು ನಲವತ್ತು ನಿಮಿಷ ಏನೇನೋ ಗುರುತು ಮಾಡಿಕೊಂಡರು. ಗಂಟೆ ಹೊಡೆದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ನಿಂತು ಬಹಳ ಸೌಜನ್ಯದಿಂದ ಹೇಳಿದರು.

"ಸರ್, ತಪ್ಪು ತಿಳ್ಕೋಬ್ಯಾಡ್ರಿ. ನಲವತ್ತು ನಿಮಿಷದಾಗ ಮೂವತ್ತೆಂಟು ನಿಮಿಷ ನೀವೇ ಮಾತಾಡಿದ್ರಿ."

"ಉಳಿದ ಎರಡು ನಿಮಿಷ?"

"ಹಾಜರಿ ತಗೊಂಡ್ರಿ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ್ದು ಸುಳ್ಳೂ ಅಲ್ಲ. ನನ್ನ ಹೆಂಡತಿ ಇದನ್ನೇ ಸೌಜನ್ಯವಿಲ್ಲದೆ ಬಹಳ ವರ್ಷಗಳಿಂದ ಹೇಳುತ್ತಿದ್ದಾಳೆ. ಚಹಾಕ್ಕೆ ಸಕ್ಕರೆ ಕಮ್ಮಿಯಾಯಿತು ಎಂದು ಹೇಳಲು ನಾನು ಪೀಠಿಕೆ, ವಿವರಣೆ, ಸಾರಾಂಶ ಎಲ್ಲ ಹೇಳುತ್ತೇನಂತೆ. ದಣಿವು ಬೇರೆ. ಬೆಳಿಗ್ಗೆ ಎಂಟರ ಬಸ್ಸು, ರಾಜೇಶ್ವರದ ಹತ್ತಿರ ನಿಂತು ಏದುಸಿರು ಬಿಡುವ ಅದೇ ಬಸ್ಸು, ಸಂಜೆ ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಹತ್ತುವ ಅದೇ ಆಟೋ. ಮಧ್ಯದಲ್ಲಿ ಆರು ತಾಸು ಅವೇ ಪಾಠಗಳು. ಇನ್ನೆರಡು ವರ್ಷ ಕಳೆದರೆ ನಿವೃತ್ತಿ. ಈಗೀಗ ಪಾಠದ ನಡುವೆ ನನ್ನ ಧ್ವನಿ ನನಗೇ ಪಕ್ಕದ ಕೋಣೆಯಿಂದ ಕೇಳಿಸಿದಂತಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ.

ಸಾಕಾಗಿದ್ದರೂ ಆ ಶಬ್ದ ಚುಚ್ಚಿತು. ಚುಚ್ಚಿದ್ದು ಮೇಡಂ ಬರೆದರು ಅಂತ ಅಲ್ಲ. ಅದೇ ಶಬ್ದವನ್ನು ಒಂದು ದಿನ ನಾನೇ ಒಬ್ಬರ ಕೈಯಿಂದ ಕಸಿದುಕೊಂಡಿದ್ದೆ. ಈಗ ಅದು ಊರೆಲ್ಲ ತಿರುಗಿ ನನ್ನ ಜೇಬಿಗೇ ಬಂದು ಕೂತಿತ್ತು.

ಅವರು ಇಮಾಮಸಾಬ ಮಾಸ್ತರರು. ಘಾಟಬೋರಾಳದಿಂದ ಎರಡು ಹರದಾರಿ ಆಚೆ ನಮ್ಮ ಹಳ್ಳಿ. ಅಲ್ಲಿಯ ಶಾಲೆಯಲ್ಲಿ ಐದನೆಯ ಇಯತ್ತೆಗೆ ನಮಗೆ ಲೆಕ್ಕ ಕಲಿಸಿದವರು. ಊರು ಬಸವಕಲ್ಯಾಣ. ವಾರವೆಲ್ಲ ನಮ್ಮ ಹಳ್ಳಿಯ ಮಸೀದಿ ಪಕ್ಕದ ಕೋಣೆಯಲ್ಲಿ ಇದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದರು. ಬಿಳಿ ಪಾಯಿಜಾಮ, ಹೆಗಲ ಮೇಲೆ ಟುವಾಲು, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲು. ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ. ಉರ್ದು, ಕನ್ನಡ, ಮರಾಠಿ ಮೂರೂ ಬರುತ್ತಿದ್ದವು. ಮೂರರಲ್ಲೂ ಲೆಕ್ಕವೇ ಮಾತಾಡುತ್ತಿದ್ದರು.

ಅವರ ಕಾಲಕ್ಕಾಗಲೇ ಹಳೆಯ ಮಗ್ಗಿಗಳು ಪುಸ್ತಕದಿಂದ ಬಿಟ್ಟು ಹೋಗಿದ್ದವು. ಆದರೆ ಅವರು ಬಿಡಲಿಲ್ಲ. ಕಾಲಿನ ಮಗ್ಗಿ ಪಾವಕಿ, ಅರ್ಧದ ಮಗ್ಗಿ ನಿಮಕಿ, ಒಂದೂವರೆಯ ಮಗ್ಗಿ ದೀಡಕಿ. ದೀಡ ಎಂದರೆ ಒಂದೂವರೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ದಕ್ಷಿಣದ ಓದುಗರು ಯಾರಾದರೂ ಇದ್ದರೆ ಅಂತ ಹೇಳಿದೆ. ಮರಾಠಿಯಿಂದ ಬಂದು ನಮ್ಮಲ್ಲಿ ಮನೆ ಮಾಡಿದ ಶಬ್ದ. "ನಮ್ಮ ಮನ್ಯಾಗ ಡೇಢ್, ಸಾಲ್ಯಾಗ ದೀಡ, ಎರಡೂ ಒಂದೂವರಿನೇ" ಅನ್ನುತ್ತಿದ್ದರು ಮಾಸ್ತರರು. ಎಲ್ಲ ಮಗ್ಗಿಗಳಲ್ಲಿ ದೀಡಕಿಯ ಮೇಲೆ ಅವರಿಗೆ ಪ್ರೀತಿ ಹೆಚ್ಚು. ಒಂದ್ ದೀಡಕಿ ದೀಡ, ಎರಡ್ ದೀಡಕಿ ಮೂರು, ಮೂರ್ ದೀಡಕಿ ನಾಲ್ಕೂವರಿ, ನಾಲ್ಕ್ ದೀಡಕಿ ಆರು. ಅದು ಒಂದು ಹೆಜ್ಜೆ ಇಟ್ಟು ಅರ್ಧ ಹೆಜ್ಜೆ ಕುಂಟುವ ನಡಿಗೆ. ನಾವು ಅದನ್ನು ಹೇಳುವಾಗ ಬೆಂಚುಗಳೂ ಕುಂಟುತ್ತಿದ್ದವು.

ಒಂದು ದಿನ ನಾವು ಹೀಗೆ ಕುಂಟುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಸಾಹೇಬರು ಬಂದು ನಿಂತರು. ಜೀಪಿನಲ್ಲಿ ಬಂದ ತಪಾಸಣೆಯ ಸಾಹೇಬರು. ಮಾಸ್ತರರು ನಮಸ್ಕಾರ ಮಾಡಿದರು, ಮಗ್ಗಿ ನಿಲ್ಲಿಸಲಿಲ್ಲ. ಸಾಹೇಬರು ಹತ್ತು ದೀಡಕಿ ಹದಿನೈದರವರೆಗೆ ನಿಂತು ಕೇಳಿದರು, ಕನ್ನಡಕ ಒರೆಸಿಕೊಂಡರು, ಹೆಡ್ ಮಾಸ್ತರರ ಕೋಣೆಗೆ ಹೋಗಿ ಚಹಾ ಕುಡಿದು ಭೇಟಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಹೋದರು.

ಜೀಪಿನ ಧೂಳು ಅಡಗುವುದರೊಳಗೆ ಪುಸ್ತಕ ತೆರೆಯಿತು. ನಮ್ಮ ಹೆಡ್ ಮಾಸ್ತರ ವೈಜಿನಾಥರಿಗೆ ಇಂಗ್ಲಿಷು ಓದಲು ಬರುತ್ತಿತ್ತು, ತಿಳಿಯುತ್ತಿರಲಿಲ್ಲ. ಮಾಸ್ತರರೆಲ್ಲ ಸುತ್ತ ನಿಂತರು. ನಾವು ಕಿಟಕಿಯಲ್ಲಿ ನೇತಾಡಿದೆವು.

"ಟೀಚಿಂಗ್ ಈಸ್... ದೀ... ದೀಡಾಕ್... ಟಿಕ್" ಎಂದು ಓದಿದರು ಹೆಡ್ ಮಾಸ್ತರರು.

ಇಮಾಮಸಾಬ ಮಾಸ್ತರರ ಮುಖ ಅರಳಿತು. "ಏನಂದ್ರಿ? ದೀಡಕಿ?"

"ದೀಡಾಕ್ಟಿಕ್ ಅಂತ ಅದ."

"ಹಾಂ! ಸಾಹೇಬ್ರು ಬಾಗಲ್ದಾಗ ನಿಂತಾಗ ನಾ ದೀಡಕಿನೇ ಹೇಳ್ಸಾಕತ್ತಿದ್ದೆ ನೋಡ್ರಿ. ಅದನ್ನೇ ಬರದಾರ."

"ಹಿಂದ ಟಿಕ್ ಅಂತನೂ ಅದ ಮಾಸ್ತರ."

"ಹಂಗಾದ್ರ ದೀಡ ಟಿಕ್ಕು!" ಎಂದರು ಮಾಸ್ತರರು. "ಒಂದಲ್ರೀ, ದೀಡ ಕೊಟ್ಟಾರ!"

ಯಾರಿಗೂ ಅನುಮಾನ ಬರಲಿಲ್ಲ. ಅನುಮಾನ ಪಡುವಷ್ಟು ಇಂಗ್ಲಿಷು ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ದೀಡಕಿ ಕಲಿಸುವಾಗ ದೀಡ ಟಿಕ್ಕು ಸಿಗದೆ ಇನ್ನೇನು ಸಿಗಬೇಕು? ಅವರ ನೌಕರಿಯಲ್ಲಿ ಒಬ್ಬ ಮೇಲಿನವರು ಅವರ ಬಗ್ಗೆ ಬರೆದದ್ದು ಅದೊಂದೇ ಶಬ್ದ. ಅದಕ್ಕೆ ಮೊದಲು ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ.

ಮರುದಿನ ಮಾಸ್ತರರು ಕೆಂಪು ಪೆನ್ಸಿಲು ಕಿವಿಯಿಂದ ತೆಗೆದು ನಮಗೊಂದು ಹೊಸ ಕಾಯಿದೆ ಹೇಳಿದರು. ಆ ಮಾತು ನನಗೆ ಇವತ್ತಿಗೂ ಅಕ್ಷರಕ್ಕಕ್ಷರ ನೆನಪಿದೆ.

"ಲೆಕ್ಕ ಸರಿ ಮಾಡಿದ್ರ ಒಂದು ಟಿಕ್ಕು. ಬಾಜೂ ಕುಂತಾಂವಗ ತಿಳೀಹಂಗ ಹೇಳಿಕೊಟ್ರ ಮ್ಯಾಲ ಅರ್ಧ. ಸಾಹೇಬ್ರು ನನಗ ದೀಡ ಯಾಕ ಕೊಟ್ರು? ನನಗ ಲೆಕ್ಕ ಬರ್ತಾದ ಅಂತಲ್ಲ. ನಿಮಗ ಬರೋಹಂಗ ಮಾಡೇನಿ ಅಂತ."

ಅರ್ಧ ಟಿಕ್ಕು ಎಂದರೆ ಟಿಕ್ಕಿನ ಕೆಳಗಿಳಿಯುವ ಗಿಡ್ಡ ಗೀಟು ಮಾತ್ರ. ಮೇಲೆ ಏರುವ ಉದ್ದ ಗೀಟು ಇಲ್ಲ. ಗೊತ್ತಿಲ್ಲದವರಿಗೆ ಪೆನ್ಸಿಲು ಜಾರಿದ ಹಾಗೆ ಕಾಣುತ್ತಿತ್ತು. ಅದನ್ನು ಕೊಡುವ ಮೊದಲು ಪರೀಕ್ಷೆ ಇರುತ್ತಿತ್ತು. ಕಲಿಸಿದವನನ್ನು ಅವರು ಒಂದು ಮಾತೂ ಕೇಳುತ್ತಿರಲಿಲ್ಲ, ಕಲಿತವನನ್ನು ಹಲಗೆಗೆ ಕರೆಯುತ್ತಿದ್ದರು. ಅವನು ಲೆಕ್ಕ ಬಿಡಿಸಿದರೆ ಅರ್ಧ ಟಿಕ್ಕು ಕಲಿಸಿದವನ ಲೆಕ್ಕದ ವಹಿಯಲ್ಲಿ. ಹುಡುಗರು ಆ ಜಾರಿದ ಗೀಟಿಗಾಗಿ ಬಾಜೂದವನ ಬೆನ್ನು ಬಿದ್ದರು. ಊಟದ ಹೊತ್ತಿನಲ್ಲಿ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಒಬ್ಬ ಇನ್ನೊಬ್ಬನಿಗೆ ಭಾಗಾಕಾರ ಹೇಳುವುದನ್ನು ನಾನು ಬೇರೆ ಯಾವ ಶಾಲೆಯಲ್ಲೂ ನೋಡಿಲ್ಲ. ನಾನು ಕಲಿಸುವ ಶಾಲೆಯಲ್ಲಂತೂ ನೋಡಿಲ್ಲ.

ನಾನು ತರಗತಿಗೇ ಮೊದಲನೆಯವನು. ನನ್ನ ವಹಿಯ ತುಂಬ ಟಿಕ್ಕುಗಳು. ಒಂದೇ ಒಂದು ಅರ್ಧ ಟಿಕ್ಕು ಇರಲಿಲ್ಲ. ನನ್ನ ಬಾಜೂದವ ಶರಣಪ್ಪ. ಅವನು ಇಣುಕಿದರೆ ನಾನು ಮೊಣಕೈ ಅಡ್ಡ ಇಡುತ್ತಿದ್ದೆ. ಒಮ್ಮೆ ಮಾತ್ರ ಅರ್ಧ ಟಿಕ್ಕಿನ ಆಸೆಗೆ ಅವನಿಗೆ ಹೇಳಿಕೊಟ್ಟೆ. ಹಲಗೆಯ ಮುಂದೆ ಅವನು ಸೀಮೆಸುಣ್ಣ ಹಿಡಿದು ಉತ್ತರ ಬರೆದ, ಅದರ ಮೇಲೆ ಏನು ಬರೆಯಬೇಕೆಂದು ತಿಳಿಯದೆ ನಿಂತ.

ಮಾಸ್ತರರು ನನ್ನ ಕಡೆ ತಿರುಗಿದರು. "ನೀ ಇವಗ ಉತ್ತರ ಹೇಳಿದಿ. ಲೆಕ್ಕ ಹೇಳಿಲ್ಲ."

ಶರಣಪ್ಪ ಈಗ ಮನ್ನಾಏಖೇಳ್ಳಿಯಲ್ಲಿ ಹೆದ್ದಾರಿಯ ಮೇಲೆ ಟಾಯರಿನ ಅಂಗಡಿ ಇಟ್ಟಿದ್ದಾನೆ. ಎಂದಾದರೂ ಸಿಕ್ಕರೆ, "ನಾಕು ವರ್ಷ ಶಾಣ್ಯಾನ ಬಾಜೂ ಕುಂತೇನಿ, ದೀಡಕಿ ಇವತ್ತಿಗೂ ಬರಂಗಿಲ್ಲ ನೋಡಪಾ" ಎಂದು ನಗುತ್ತಾನೆ. ನಾನೂ ನಗುತ್ತೇನೆ. ಶಾಣ್ಯಾ ಅಂದರೆ ಜಾಣ. ನಮ್ಮಲ್ಲಿ ಅತಿ ಜಾಣನಿಗೆ ದೀಡ ಶಾಣ್ಯಾ ಅನ್ನುತ್ತಾರೆ. ಹೋದ ವಾರದವರೆಗೆ ನನಗೆ ಸಿಕ್ಕ ದೀಡ ಅದೊಂದೇ.

ಈ ದೀಡ ಶಾಣ್ಯಾ ಮುಂದೆ ಗುಲಬರ್ಗಾಕ್ಕೆ ಹೋಗಿ ಇಂಗ್ಲಿಷ್ ಎಂ.ಎ. ಸೇರಿದ. ಒಂದು ಆಗಸ್ಟ್ ಹದಿನೈದಕ್ಕೆ ಊರಲ್ಲಿದ್ದೆ. ಧ್ವಜ ಏರಿಸಿದ ಮೇಲೆ ಮಾಸ್ತರರು ನನ್ನ ಕೈ ಹಿಡಿದು ಮಕ್ಕಳ ಮುಂದೆ ನಿಲ್ಲಿಸಿದರು. "ಇಂವ ನನ್ನ ಕೈಯಾಗ ಕಲ್ತಾಂವ. ಇಂಗ್ಲಿಷಿನಾಗ ಎಮ್ಮೆ ಮಾಡಾಕತ್ಯಾನ" ಅಂದರು. ಮಕ್ಕಳು ಎಮ್ಮೆಗೆ ನಕ್ಕರು. ಆಮೇಲೆ ಅವರು ಹೆಡ್ ಮಾಸ್ತರರ ಕಪಾಟಿನಿಂದ ಆ ಹಳೆಯ ಭೇಟಿ ಪುಸ್ತಕ ತರಿಸಿದರು. ಪುಟ ಹುಡುಕಬೇಕಾಗಿರಲಿಲ್ಲ, ತಾನೇ ಅಲ್ಲಿಗೆ ತೆರೆಯಿತು.

"ಇದನ್ನ ಓದಪಾ. ಖರೇ ಇಂಗ್ಲಿಷಿನವ್ರು ಓದಿಧಂಗ ಓದು. ಹುಡುಗ್ರು ಕೇಳ್ಲಿ."

ಓದಿದೆ. ದೀಡಾಕ್ಟಿಕ್ ಅಲ್ಲ, ಡೈಡ್ಯಾಕ್ಟಿಕ್. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಎಷ್ಟು ಸಲ ಅಂದುಕೊಂಡಿದ್ದೇನೆ, ಅಷ್ಟಕ್ಕೆ ನಿಲ್ಲಿಸಿದ್ದರೆ ಏನು ಹೋಗುತ್ತಿತ್ತು? ಆದರೆ ಅದೇ ತಿಂಗಳು ನಮ್ಮ ಪ್ರೊಫೆಸರರು ಒಂದು ಪದ್ಯವನ್ನು ಹೀಯಾಳಿಸಲು ಆ ಶಬ್ದ ಬಳಸಿದ್ದರು. ಹೊಸ ಚಪ್ಪಲಿ ಕೊಂಡವನು ಓಣಿಯಲ್ಲಿ ಎರಡು ಸುತ್ತು ಹೆಚ್ಚು ಹೊಡೆಯುತ್ತಾನಲ್ಲ, ಹಾಗಿತ್ತು ನನ್ನ ಸ್ಥಿತಿ.

"ಸರ್, ಇದಕ್ಕೂ ದೀಡಕ್ಕೂ ಸಂಬಂಧ ಇಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಇದು ಹೊಗಳಿಕಿ ಅಲ್ಲ. ಬರೇ ಉಪದೇಶ ಮಾಡೋದು, ಕೇಳೋರಿಗೆ ಬ್ಯಾಸರ ಬರೋಹಂಗ ಕಲಸೋದು ಅಂತ ಇದರ ಅರ್ಥ."

ಮಕ್ಕಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ವೈಜಿನಾಥರು ಧ್ವಜದ ಹಗ್ಗ ನೋಡಿದರು. ಇಮಾಮಸಾಬ ಮಾಸ್ತರರು ಪುಸ್ತಕ ಮುಚ್ಚಿ, ಅದರ ರಟ್ಟನ್ನು ಟುವಾಲಿನ ತುದಿಯಿಂದ ಒರೆಸಿದರು.

"ಅಚ್ಛಾ" ಎಂದರು. "ಖರೇ ಹೇಳಿದಿ. ಕುಂಡ್ರು." ನನಗೊಂದು ಬುಂದೆಯ ಪೊಟ್ಟಣ ಕೊಟ್ಟರು. ನಾನು ತಿಂದೆ.

ಆಗ ನನ್ನ ತಂಗಿ ಕಮಲಾ ಅದೇ ಶಾಲೆಯಲ್ಲಿ ಐದನೆಯ ಇಯತ್ತೆ. ದಸರಾ ರಜೆಗೆ ಹೋದಾಗ ತನ್ನ ವಹಿ ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಅಣ್ಣಾ, ಸರ್ ಈಗ ಅರ್ಧ ಹಾಕಂಗೇ ಇಲ್ಲ. ನಾ ಶಾಂತಾಗ ಎಲ್ಲಾ ಹೇಳಿಕೊಟ್ಟೀನಿ, ಅಕಿ ಹಲಗಿ ಮ್ಯಾಲ ಮಾಡಿದ್ಳು. ಆದ್ರೂ ಒಂದೇ ಹಾಕ್ಯಾರ. ನನ್ನ ಲೆಕ್ಕದಾಗ ತಪ್ಪದೇನು ನೋಡು."

ಲೆಕ್ಕದಲ್ಲಿ ತಪ್ಪಿರಲಿಲ್ಲ. ಪ್ರತಿ ಪುಟದಲ್ಲೂ ಒಂದೊಂದು ಕೆಂಪು ಟಿಕ್ಕು, ಅದರ ಪಕ್ಕ ಖಾಲಿ. ಆ ಖಾಲಿ ಜಾಗ ನೋಡಿದಾಗಲೇ ನಾನೇನು ಮಾಡಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿ ಏನು ಮಾಡಿದೆ? ಏನೂ ಮಾಡಲಿಲ್ಲ. ಮಾಸ್ತರರು ಇನ್ನೆಂಟು ವರ್ಷ ಕಲಿಸಿ ನಿವೃತ್ತರಾದರು. ಎಂಟು ವರ್ಷವೂ ಒಂದೇ ಟಿಕ್ಕು. ನಿವೃತ್ತರಾಗಿ ಬಸವಕಲ್ಯಾಣಕ್ಕೆ ಹೋದರು. ನಾನು ನೌಕರಿ ಸಿಕ್ಕಿ ಅದೇ ಬಸವಕಲ್ಯಾಣದಲ್ಲಿ ಮನೆ ಮಾಡಿದೆ. ಒಂದೇ ಊರು. ಅವರು ಕೋಟೆಯ ಕಡೆಯ ಗಲ್ಲಿಯಲ್ಲಿ, ನಾನು ತ್ರಿಪುರಾಂತ ಕೆರೆಯ ಕಡೆ. ಬಜಾರಿನಲ್ಲಿ ದೂರದಿಂದ ಆ ಟುವಾಲು ಕಂಡರೆ ನಾನು ಬೇರೆ ಗಲ್ಲಿ ಹಿಡಿಯುತ್ತಿದ್ದೆ. ಇಷ್ಟು ವರ್ಷದಲ್ಲಿ ಊರಿನ ಗಲ್ಲಿಗಳೆಲ್ಲ ನನಗೆ ಪಾಠವಾಗಿವೆ.

ಇರಲಿ, ಗುಲಾಬಿ ಹಾಳೆಗೆ ಬರುತ್ತೇನೆ. ಮಂಗಳವಾರ ಸಂಜೆ ಮೇಡಂಗೆ ಒಂದು ಖಡಕ್ ಉತ್ತರ ಬರೆಯಬೇಕೆಂದು ನನ್ನ ದೊಡ್ಡ ನಿಘಂಟು ಇಳಿಸಿದೆ. ಗುಲಬರ್ಗಾದಲ್ಲಿ ಕೊಂಡದ್ದು, ಹುಳ ತಿಂದು ಅರ್ಧವಾಗಿದೆ. ಆ ಪುಟ ತೆರೆಯುವಾಗ ನನಗೆ ಹೊಳೆದದ್ದನ್ನು ನಿಮಗೆ ಹೇಳಲು ನಾಚಿಕೆಯಾಗುತ್ತದೆ. ಆ ಶಬ್ದವನ್ನು ನಾನು ಅಲ್ಲಿಯವರೆಗೆ ನಿಘಂಟಿನಲ್ಲಿ ನೋಡಿಯೇ ಇರಲಿಲ್ಲ. ಒಬ್ಬರು ಬೈಯುವುದನ್ನು ಕೇಳಿ ಇನ್ನೊಬ್ಬರಿಗೆ ಬೈದಿದ್ದೆ, ಅಷ್ಟೇ.

ನಿಘಂಟು ಬೇರೆಯೇ ಕತೆ ಹೇಳಿತು. ಗ್ರೀಕರಲ್ಲಿ ಕಲಿಸು ಎಂಬುದಕ್ಕೆ ಒಂದು ಕ್ರಿಯಾಪದವಂತೆ. ಅದರಿಂದ ಹುಟ್ಟಿದ ಈ ವಿಶೇಷಣದ ಮೊದಲ ಅರ್ಥ ಕಲಿಸಬಲ್ಲ, ಕಲಿಸುವುದರಲ್ಲಿ ಪಳಗಿದ. ಬೈಗುಳವಲ್ಲ, ಗುಣ. ಮುನ್ನೂರು ವರ್ಷಕ್ಕೂ ಹಿಂದೆ ಇಂಗ್ಲಿಷಿಗೆ ಬಂದಾಗ ಮರ್ಯಾದಸ್ಥನಾಗಿಯೇ ಬಂತು. ಕಲಿಸುವುದಕ್ಕಾಗಿ ಬರೆದ ಪುಸ್ತಕಕ್ಕೆ ಆ ಹೆಸರು. ಡಾಕ್ಟರಿಕೆ ಕಲಿಯುವವರಿಗೆ ಆಸ್ಪತ್ರೆಯ ಮಂಚದ ಪಕ್ಕದಲ್ಲಲ್ಲದೆ ಕೋಣೆಯಲ್ಲಿ ಹೇಳುವ ಪಾಠಕ್ಕೆ ಇವತ್ತಿಗೂ ಅದೇ ಹೆಸರು, ಅಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ. ಆಮೇಲಾಮೇಲೆ ಪದ್ಯದಲ್ಲಿ, ಕತೆಯಲ್ಲಿ ಕಲಿಸಲು ಬರುವವರನ್ನು ಕಂಡು ಓದುಗರಿಗೆ ಬೇಸರ ಬಂತು. ಬೇಸರ ಮಾಡಿದವರು ಸತ್ತು ಹೋದರು, ಬೇಸರ ಶಬ್ದಕ್ಕೆ ಅಂಟಿಕೊಂಡಿತು. ಮೊದಲಕ್ಷರವನ್ನು ಡೈ ಅನ್ನಬೇಕೋ ಡಿ ಅನ್ನಬೇಕೋ ಎಂಬುದನ್ನು ಇಂಗ್ಲಿಷಿನವರೇ ಇನ್ನೂ ತೀರ್ಮಾನಿಸಿಲ್ಲ. ವೈಜಿನಾಥರು ಓದಿದ್ದರಲ್ಲೂ ಅಂಥ ತಪ್ಪೇನಿರಲಿಲ್ಲ.

ಇದು ಇಂಗ್ಲಿಷಿನವರ ಪಾಪ ಮಾತ್ರ ಅಂದುಕೊಳ್ಳಬೇಡಿ. ನಿಘಂಟು ಮುಚ್ಚಿ ಕೂತು ನಮ್ಮ ಮಾತುಗಳನ್ನೇ ನೋಡಿದೆ. ಉಸ್ತಾದ್ ಎಂದರೆ ಗುರು. ಆದರೆ ನಮ್ಮ ಬಜಾರಿನಲ್ಲಿ "ಅಂವ ಭಾರೀ ಉಸ್ತಾದ್ ಅದಾನ" ಎಂದರೆ ಜೇಬು ಹಿಡಿದುಕೊಳ್ಳಬೇಕು. ಪಂಡಿತ ಹೋಗಿ ದೀಡ ಪಂಡಿತನಾದ. ಪುರಾಣ ಹೇಳಬೇಡ ಎಂದರೆ ಬಾಯಿ ಮುಚ್ಚು ಅಂತ ಅರ್ಥ. "ನಿನಗ ಪಾಠ ಕಲಸ್ತೀನಿ" ಎಂದು ಯಾರಾದರೂ ತೋಳು ಏರಿಸಿದರೆ ಅಲ್ಲಿ ಸೀಮೆಸುಣ್ಣ ಹುಡುಕಬಾರದು. ಕಲಿಸುವುದಕ್ಕೆ ಹುಟ್ಟಿದ ಶಬ್ದಗಳೆಲ್ಲ ಬಹಳ ದಿನ ನೌಕರಿ ಮಾಡಿದರೆ ಹೀಗೇ ಆಗುತ್ತವೇನೋ. ಕೇಳುವವರಿಗೂ ಸಾಕಾಗಿರುತ್ತದೆ, ಹೇಳುವವರಿಗೂ ಸಾಕಾಗಿರುತ್ತದೆ. ನನ್ನ ಕತೆಯೂ ಅದೇ ಅಲ್ಲವೇ ಅನ್ನಿಸಿ ಮೇಡಂಗೆ ಬರೆಯಬೇಕೆಂದಿದ್ದ ಖಡಕ್ ಉತ್ತರ ಕೈಯಲ್ಲೇ ಉಳಿಯಿತು.

ಇನ್ನೊಂದು ಯೋಚನೆ ಮಾತ್ರ ಬಿಡಲಿಲ್ಲ. ಮಾಸ್ತರರು ತಪ್ಪು ದಾರಿಯಿಂದ ಹೋಗಿ ಸರಿಯಾದ ಮನೆ ಮುಟ್ಟಿದ್ದರು. ಬಾಜೂದವನಿಗೆ ಬರುವ ಹಾಗೆ ಮಾಡಿದರೆ ಮೇಲೆ ಅರ್ಧ ಎಂದು ಅವರು ಹೇಳಿದ್ದು ಆ ಶಬ್ದದ ಮೊದಲ ಅರ್ಥವೇ. ಅವರಿಗೆ ಎಂಬತ್ತಾರು. ಹೇಳುವುದಿದ್ದರೆ ಈಗ ಹೇಳಬೇಕು. ಮುಂದಿನ ವಾರ ಎನ್ನಲು ನನಗೆ ಹಕ್ಕಿರಲಿಲ್ಲ.

ಬುಧವಾರ ಧೈರ್ಯ ಬರಲಿಲ್ಲ. ಗುರುವಾರ ಆಟೋ ಇಳಿದವನು ಮನೆಗೆ ಹೋಗದೆ ಕೋಟೆಯ ಕಡೆಯ ಗಲ್ಲಿಗೆ ನಡೆದೆ. ಬಿಸಿಲು ಇನ್ನೂ ಇತ್ತು. ಬಾಗಿಲು ತೆರೆದದ್ದು ಮಾಸ್ತರರ ಮಗಳು ಶಮೀಮ್. ಅಂಗನವಾಡಿ ನಡೆಸುತ್ತಾರೆ, ನನಗೆ ಮುಖಪರಿಚಯ.

"ಬರ್ರಿ ಸರ್. ಅಬ್ಬಾಗ ಕಿವಿ ಮಂದ ಆಗ್ಯಾವ. ಒದರಬ್ಯಾಡ್ರಿ, ಸಾವಕಾಶ ಹೇಳ್ರಿ, ತಿಳೀತಾದ."

ಮಾಸ್ತರರು ಅಂಗಳದಲ್ಲಿ ಮಂಚದ ಮೇಲೆ ಕೂತಿದ್ದರು. ಸಣ್ಣಗಾಗಿದ್ದರು. ಟುವಾಲು ಅದೇ ಹೆಗಲ ಮೇಲೆ. ಯಾರು ಎಂದು ಕಣ್ಣು ಕಿರಿದು ಮಾಡಿದರು.

"ಎಮ್ಮೆ ಮಾಡಿದಾಂವ ಸರ್" ಎಂದೆ.

"ಓಹೋ, ಎಮ್ಮಿ! ಬಾ, ಬಾ." ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡರು. ಧ್ವಜ ಏರಿಸಿದ ದಿನವೂ ಹೀಗೇ ಹಿಡಿದಿದ್ದರು.

ಜೇಬಿನಿಂದ ಗುಲಾಬಿ ಹಾಳೆ ತೆಗೆದು ಆ ಶಬ್ದದ ಮೇಲೆ ಬೆರಳಿಟ್ಟೆ. "ಸರ್, ಸಾಹೇಬ್ರು ನಿಮಗ ಬರದಿದ್ದ ಶಬ್ದ. ಅವತ್ತ ನಾ ಅರ್ಧಾ ತಿಳಿದು ಹೇಳಿದ್ದೆ. ಇದು ಗ್ರೀಕ್ ಭಾಷಾದ ಶಬ್ದ. ಗ್ರೀಕ್ ಕ್ರಿಯಾಪದದಿಂದ..."

"ಗಿರಾಕಿ? ಯಾವ ಗಿರಾಕಿ?"

ಮತ್ತೆ ಮೊದಲಿನಿಂದ ಹೇಳಿದೆ. ವಿಶೇಷಣ ಅಂದೆ, ಮೂಲಾರ್ಥ ಅಂದೆ, ಕಾಲಾಂತರ ಅಂದೆ. ಅವರು ಸೌಜನ್ಯದಿಂದ ತಲೆಯಾಡಿಸಿದರು. ಸೌಜನ್ಯದಿಂದ ತಲೆಯಾಡಿಸುವವರಿಗೆ ಏನೂ ತಿಳಿದಿಲ್ಲ ಎಂಬುದು ಇಪ್ಪತ್ತೊಂಬತ್ತು ವರ್ಷದ ಅನುಭವದಿಂದ ನನಗೆ ಗೊತ್ತು. ಸಾಮಾನ್ಯವಾಗಿ ನಾನು ಅಲ್ಲಿಗೆ ಮುಂದಿನ ಪಾಠಕ್ಕೆ ಹೋಗುತ್ತೇನೆ. ಅವತ್ತು ಹೋಗಲು ಮುಂದಿನ ಪಾಠ ಇರಲಿಲ್ಲ. ಬಾಯಿ ಒಣಗಿತ್ತು. ಶಮೀಮ್ ಕೊಟ್ಟ ನೀರು ಕುಡಿದು ಗ್ರೀಕರನ್ನು ಬದಿಗಿಟ್ಟೆ.

"ಸರ್, ಒಬ್ಬಗ ಲೆಕ್ಕ ಬರ್ತಾದ. ಇನ್ನೊಬ್ಬ ಅದಾನ, ಬಾಜೂದವಗೂ ಲೆಕ್ಕ ಬರೋಹಂಗ ಮಾಡ್ತಾನ. ಹಿಂದಿನ ಮಂದಿ ಆ ಎರಡನೇದವಗ ಈ ಹೆಸರು ಇಟ್ಟಿದ್ರು. ಆಮ್ಯಾಲ ಮಂದಿಗೆ ಕಲಿಯೋದು ಬ್ಯಾಸರಾಗಿ ಹೆಸರು ಕೆಡ್ತು. ಸಾಹೇಬ್ರು ಯಾವ ಅರ್ಥದಾಗ ಬರದ್ರೋ ನನಗ ಗೊತ್ತಿಲ್ಲ. ಆದ್ರ ನೀವು ತಿಳ್ಕೊಂಡಿದ್ದು ತಪ್ಪಿರಲಿಲ್ಲ ಸರ್. ನಾ ನಿಮ್ಮ ಶಬ್ದ ಕಸ್ಕೊಂಡೆ. ತಪ್ಪು ನಂದು."

ಮಾಸ್ತರರು ಈ ಸಲ ತಲೆಯಾಡಿಸಲಿಲ್ಲ. ನನ್ನ ಬೆರಳ ಕೆಳಗಿನ ಶಬ್ದವನ್ನು ಬಗ್ಗಿ ನೋಡಿದರು.

"ಅರ್ಧ ಟಿಕ್ಕು ಯಾಕ ಬಿಟ್ರಿ ಸರ್?" ಎಂದೆ. ಕೇಳಬಾರದೆಂದುಕೊಂಡೇ ಬಂದಿದ್ದೆ.

"ಸಾಹೇಬ್ರು ನನಗ ಕೊಡಲಾರದ್ದನ್ನ ನಾ ಹುಡುಗ್ರಿಗೆ ಹ್ಯಾಂಗ ಹಂಚ್ಲಿ?" ಎಂದರು. ಅದರಲ್ಲಿ ದೂರು ಇರಲಿಲ್ಲ. ಒಂದು ಲೆಕ್ಕ ಹೇಳಿದ ಹಾಗೆ ಹೇಳಿದರು.

ಆಮೇಲೆ ಮಗ್ಗುಲಿಗೆ ತಿರುಗಿ ಮಗಳನ್ನು ಕರೆದರು. "ಸುನ್ ಬೇಟಿ. ಖುದ್ ಕೂ ಆಯಾ ತೋ ಏಕ್. ದುಸ್ರೇ ಕೂ ಭೀ ಆಯಾ ತೋ ಡೇಢ್. ಪುರಾನೇ ಲೋಗಾಂ ಡೇಢ್ ವಾಲೇ ಕೂ ಯೇ ನಾಮ್ ದಿಯೇ ಥೇ." ತನಗೆ ಬಂದರೆ ಒಂದು, ಇನ್ನೊಬ್ಬರಿಗೂ ಬಂದರೆ ಒಂದೂವರೆ, ಹಿಂದಿನವರು ಆ ಒಂದೂವರೆಯವನಿಗೆ ಈ ಹೆಸರು ಇಟ್ಟಿದ್ದರು. ಶಮೀಮ್ ಹೌದೆಂದು ನಕ್ಕರು. ನನಗೆ ಮಾತ್ರ ಅರ್ಧ ಟಿಕ್ಕಿನ ಆ ಪರೀಕ್ಷೆ ನೆನಪಾಯಿತು. ಈಗ ಮಾಸ್ತರರೇ ಹಲಗೆಯ ಮುಂದೆ ನಿಂತ ಹಾಗೆ ಲೆಕ್ಕ ಬಿಡಿಸಿ ತೋರಿಸಿದ್ದರು. ಹೇಳಿಕೊಟ್ಟ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

"ಪೆನ್ನು ಕೊಡು" ಎಂದರು. ಜೇಬಿನಲ್ಲಿ ಕೆಂಪು ಪೆನ್ನೇ ಇತ್ತು, ಮಾಸ್ತರನ ಜೇಬಲ್ಲವೇ. ಗುಲಾಬಿ ಹಾಳೆಯನ್ನು ತೊಡೆಯ ಮೇಲೆ ಸವರಿ, ಕಣ್ಣಿಗೆ ಹತ್ತಿರ ಹಿಡಿದು, ಆ ಶಬ್ದದ ಪಕ್ಕದಲ್ಲಿ ಒಂದು ಗಿಡ್ಡ ಗೀಟು ಎಳೆದರು. ಗೀಟು ನೆಟ್ಟಗೆ ಕೆಳಗಿಳಿದು ನಿಂತಿತು.

"ಒಂದು ಅವತ್ತ ಧ್ವಜದ ಮುಂದನೇ ಕೊಟ್ಟೇನಿ" ಎಂದರು. "ಅವತ್ತ ನೀ ಹೇಳಿದ ಉತ್ತರನೂ ಸರಿ ಇತ್ತು. ಇದು ಮ್ಯಾಲಿನ ಅರ್ಧ."

ಮನೆಯವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ದಾರಿಯಲ್ಲಿ ಯಾವ ಗಲ್ಲಿಯನ್ನೂ ತಪ್ಪಿಸಲಿಲ್ಲ.

ಶುಕ್ರವಾರ ಅದೇ ಎಂಟರ ಬಸ್ಸು, ಅದೇ ಏದುಸಿರು. ದಣಿವು ಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಮೊಣಕಾಲು ನೋಯುತ್ತಲೇ ಇತ್ತು. ಒಂಬತ್ತನೆಯ ತರಗತಿಯಲ್ಲಿ ಹತ್ತು ನಿಮಿಷ ಪಾಠ ಹೇಳಿ, ತಿಳಿದವರು ಬಾಜೂದವರಿಗೆ ಹೇಳಿರಿ ಎಂದು ಕುರ್ಚಿಯಲ್ಲಿ ಕೂತುಬಿಟ್ಟೆ. ಹುಡುಗರು ಸರ್‌ಗೆ ಆರಾಮಿಲ್ಲ ಅಂದುಕೊಂಡು ಮೊದಲು ಸುಮ್ಮನಿದ್ದರು, ಆಮೇಲೆ ಗದ್ದಲ ಶುರುವಾಯಿತು. ಅದರಲ್ಲಿ ಪಾಠ ಎಷ್ಟು, ಹರಟೆ ಎಷ್ಟು ಎಂದು ನನಗೆ ಗೊತ್ತಾಗಲಿಲ್ಲ. ಮೂರನೆಯ ಬೆಂಚಿನಲ್ಲಿ ಒಬ್ಬಳು ಮಾತ್ರ ಮೊಣಕೈ ಅಡ್ಡ ಇಟ್ಟುಕೊಂಡು ಒಬ್ಬಳೇ ಬರೆಯುತ್ತಿದ್ದಳು. ನಾಳೆ ಅವಳ ಹತ್ತಿರ ಹೋಗಿ ಕೂರಬೇಕು ಅಂದುಕೊಂಡೆ.

ಬಿಡುವಿನಲ್ಲಿ 'ಶಿಕ್ಷಕರ ಅಭಿಪ್ರಾಯ'ದ ಚೌಕದಲ್ಲಿ 'ಒಪ್ಪಿದ್ದೇನೆ' ಎಂದು ಬರೆದು, ಸಹಿ ಹಾಕಿ ಕಚೇರಿಗೆ ಒಯ್ದೆ. ಗುಮಾಸ್ತ ಹಾಳೆಯನ್ನು ಬೆಳಕಿಗೆ ಹಿಡಿದ.

"ಸರ್, ಇಲ್ಲಿ ಕೆಂಪು ಪೆನ್ನು ಜಾರ್ಯಾದ ನೋಡ್ರಿ. ಮ್ಯಾಲ ಹೋಗೋ ಕಾಗದ. ವೈಟ್ನರ್ ಹಚ್ಚಲೇನ್ರಿ?"

"ಹಚ್ಚಬ್ಯಾಡ್ರಿ" ಎಂದೆ. "ಅದು ಜಾರಿದ್ದಲ್ಲ. ಐದನೇ ಇಯತ್ತೇದಾಗ ನನಗ ಸಿಗಲಾರದ್ದು, ನಿನ್ನೆ ಸಿಕ್ಕಾದ."